ಅರ್ಧ ವಚನದ ಶೋಧನೆ

ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯವನ್ನು ತೆರೆದು ಓದೋಣ. ಸೈತಾನನು ನಮ್ಮ ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಕ್ಕೆ ಧುಮುಕೆಂದು ಹೇಳಿದಾಗ ಅವನ ಬಾಯಲ್ಲಿದ್ದದ್ದು 91ನೆಯ ಕೀರ್ತನೆಯೇ. ಆದರೆ ಆ ಕೀರ್ತನೆಯ 11ನೆಯ ವಚನವನ್ನು ನೋಡಿರಿ. ಭಕ್ತನು ನಡೆಯುವ ಮಾರ್ಗಗಳಲ್ಲೆಲ್ಲಾ ದೇವದೂತರು ಅವನನ್ನು ಕಾಯುವರೆಂದು ಅಲ್ಲಿದೆ. ಮಾರ್ಗಗಳ ಮಾತನ್ನು ಸೈತಾನನು ಬಿಟ್ಟುಬಿಟ್ಟನು. ಶಿಖರದಿಂದ ಧುಮುಕುವದು ಭಕ್ತನ ಮಾರ್ಗವಲ್ಲವಷ್ಟೆ.

ಕರ್ತನು ಆ ಕೀರ್ತನೆಯನ್ನು ಸುಳ್ಳೆನ್ನಲಿಲ್ಲ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ 16ನೆಯ ವಚನವನ್ನು ಅದರ ಪಕ್ಕದಲ್ಲಿಟ್ಟನು. ಇಸ್ರಾಯೇಲ್ಯರು ಮಸ್ಸದಲ್ಲಿ ನೀರಿಲ್ಲದೆ ಗುಣುಗುಟ್ಟಿ, ಯೆಹೋವನು ತಮ್ಮ ಮಧ್ಯದಲ್ಲಿದ್ದಾನೋ ಇಲ್ಲವೋ ಎಂದು ಪರೀಕ್ಷಿಸಿದ ಪಾಪವನ್ನು ಅದು ನೆನಪಿಗೆ ತರುತ್ತದೆ. ವಾಗ್ದಾನವನ್ನು ನಂಬುವದು ಬೇರೆ, ವಾಗ್ದಾನವನ್ನು ಹಿಡಿದು ದೇವರನ್ನು ಪರೀಕ್ಷಿಸುವದು ಬೇರೆ.

ಈ ಶೋಧನೆಯು ನಮ್ಮ ಸಭೆಗಳಲ್ಲಿಯೂ ಉಂಟು. ಕುಡಿಯಲಾಶಿಸುವವನು, ಪೌಲನು ತಿಮೊಥೆಯನಿಗೆ ದ್ರಾಕ್ಷಾರಸದ ವಿಷಯ ಬರೆದದ್ದನ್ನು ಹೇಳುತ್ತಾನೆ. ಅದು ಹೊಟ್ಟೆಯ ಬೇನೆಗೆ, ಅದೂ ಸ್ವಲ್ಪವೇ ಎಂಬದನ್ನು ಹೇಳುವದಿಲ್ಲ. ಹೆಂಡತಿಯನ್ನು ಗದರಿಸುವವನಿಗೆ ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ 22ನೆಯ ವಚನವು ಬಾಯಿಪಾಠ. 25ರಲ್ಲಿ ಗಂಡಂದಿರಿಗೆ ಕೊಟ್ಟ ಆಜ್ಞೆಯು ಮರೆತಿರುತ್ತದೆ. ಉಪದೇಶಿಗಳಾದ ನಾವೂ ಸಭೆಯವರ ಬಾಯಿ ಮುಚ್ಚಿಸುವದಕ್ಕೆ ಅರ್ಧ ವಚನವನ್ನು ಎತ್ತಿದ್ದುಂಟೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಆದದರಿಂದ ಯಾವದೊಂದು ವಚನವು ನಮ್ಮ ಇಚ್ಛೆಗೆ ಬಹು ಸುಲಭವಾಗಿ ಒಪ್ಪುವದೋ, ಅಲ್ಲಿ ತುಸು ನಿಲ್ಲೋಣ. ಹಿಂದಿನದನ್ನೂ ಮುಂದಿನದನ್ನೂ ಓದಿ, ನಾವು ಬಿಟ್ಟ ಮಾತು ಯಾವದೆಂದು ಹುಡುಕಿ ಅದಕ್ಕೆ ವಿಧೇಯರಾಗೋಣ. ಕರ್ತನು ನಮಗೆ ಸಹಾಯಮಾಡಲಿ.