ನಂಗಲಿ ನೆಲದ ಲೆಕ್ಕ: ಮೂರನೇ ಬೋರ್ ಕೊರೆಸೋ ಮುಂಚೆ



ಹೋದ ಭಾನುವಾರ ಪಕ್ಕದೂರಿನ ಹುಡುಗನೊಬ್ಬ ನಮ್ಮ ತೋಟಕ್ಕೆ ಬಂದಿದ್ದ. ಮೂರು ಎಕರೆ ಜಮೀನು, ಎರಡು ಬೋರ್ ಬತ್ತಿವೆ. "ಅಕ್ಕಾ, ಮೂರನೇದು ಕೊರೆಸ್ತೀನಿ. 1200 ಅಡಿ ಹೋದ್ರೆ ನೀರು ಸಿಗುತ್ತಂತೆ. ಟೊಮೆಟೊ ಯಾವ ತಳಿ ಹಾಕಲಿ, ಅಷ್ಟು ಹೇಳಿ" ಅಂದ. ಅಮ್ಮನ ಒಡವೆ ಅಡ ಇಡೋ ಮಾತೂ ನಡುವೆ ಬಂತು. ತಳಿ ಹೆಸರು ಹೇಳೋದು ಒಂದು ನಿಮಿಷದ ಕೆಲಸ. ಹೇಳಲಿಲ್ಲ, ಅವನನ್ನ ಕೆರೆ ಏರಿ ಮೇಲೆ ಕರ್ಕೊಂಡು ಹೋದೆ. ಅಲ್ಲಿ ಆಡಿದ ಮಾತೇ ಈ ವಾರದ ಪಾಠ.

ನಂಗಲಿ ಮುಳಬಾಗಿಲು ತಾಲ್ಲೂಕಿನ ಪೂರ್ವದ ಅಂಚು. ಮುಳಬಾಗಿಲು ಅಂದ್ರೆ ಮೂಡಲ ಬಾಗಿಲು, ಅದರ ಹೊಸಿಲು ನಮ್ಮೂರು. 12ನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಪೂರ್ವದ ಗಡಿ ಅಂತ ನಂಗಲಿ ಘಟ್ಟವನ್ನ ಹೆಸರಿಸುತ್ತವೆ. ಇವತ್ತೂ ಹೆದ್ದಾರಿ ಹಿಡಿದು ಸ್ವಲ್ಪ ಮುಂದೆ ಹೋದ್ರೆ ಆಂಧ್ರ, ಆಮೇಲೆ ಪಲಮನೇರು. ಮನೇಲಿ ತೆಲುಗು, ಶಾಲೇಲಿ ಕನ್ನಡ, ಸಂತೇಲಿ ಎರಡೂ. ಇದನ್ನ ನಾವು ಲಾಭ ಅಂತ ಎಣಿಸೋದೇ ಇಲ್ಲ. ಕೋಲಾರ, ವಡ್ಡಹಳ್ಳಿ, ಮದನಪಲ್ಲಿ ಮೂರೂ ಮಾರುಕಟ್ಟೆಗೆ ಫೋನ್ ಮಾಡಿ ಅವರವರ ಭಾಷೇಲೇ ರೇಟು ಕೇಳೋ ರೈತರು ರಾಜ್ಯದಲ್ಲಿ ಎಷ್ಟು ಜನ ಇದ್ದಾರೆ?

ಈಗ ನೀರು. ಕೋಲಾರ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ನಂದಿ ಬೆಟ್ಟದ ಕಡೆಯಿಂದ ಬರೋ ಪಾಲಾರ್ ಕೂಡ ಮಳೆ ಬಂದಾಗ ಮಾತ್ರ ಹೊಳೆ. ಅದಕ್ಕೇ ಹಿರಿಯರು ಕೆರೆ ಕೆಳಗೆ ಕೆರೆ ಕಟ್ಟಿದ್ರು. ಮೇಲಿನದರ ಕೋಡಿ ಬಿದ್ದ ನೀರು ಕೆಳಗಿನದಕ್ಕೆ. ತೂಬು ಎತ್ತಿ ಪಾಲು ಹಂಚೋಕೆ ನೀರಗಂಟಿ ಇದ್ದ. ಗದ್ದೆಗೆ ಎಷ್ಟು ನೀರು ಅಂತ ಅವನೇ ತೀರ್ಮಾನ ಮಾಡ್ತಿದ್ದ. ಬೋರ್ ಬಂದ ಮೇಲೆ ತೀರ್ಮಾನ ಮಾಡೋದು ಮೋಟಾರು.

ಮಣ್ಣಿನ ಕೆಳಗೆ ಇರೋದು ಗ್ರಾನೈಟ್, ನೈಸ್ ಬಂಡೆ. ನೀರು ನಿಲ್ಲೋದು ಮೇಲಿನ ಸಡಿಲ ಪದರದಲ್ಲಿ, ಅದರ ಕೆಳಗೆ ಬಿರುಕು ಇದ್ದ ಕಡೆ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಫ್ಲೋರೈಡ್ ಭಯ ಬೇರೆ. ಅಂದ್ರೆ 1200 ಅಡಿ ಬೋರ್ ಒಂದು ಜೂಜು. ನಾನೂ ಆಡಿದ್ದೀನಿ. ತೋಟಗಾರಿಕೆ ಪದವಿ ಮುಗಿಸಿ ಬಂದ ಹೊಸದರಲ್ಲಿ ಒಂದು ಎಕರೆ ಟೊಮೆಟೊ ನಾಟಿ ಮಾಡಿದ್ದೆ. ಕಾಯಿ ಕಚ್ಚೋ ಹೊತ್ತಿಗೆ ಬೋರ್ ನಿಂತಿತು. ಕಟ್ಟಿದ ಕಡ್ಡಿ, ದಾರ ಮಾತ್ರ ಉಳಿದವು. ಆ ಸಾಲ ತೀರಿಸಿದ್ದು ಅಪ್ಪನ ಹಸು ಹಾಲು.

"2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ದಾಟಿತ್ತಲ್ಲಕ್ಕಾ" ಅಂದ. ದಾಟಿತ್ತು. ಆ ವರ್ಷ ಬಿಂಗಿ ರೋಗ ಬಿದ್ದು ಎಷ್ಟೋ ಜನರ ಹತ್ರ ತುಂಬಿಸೋಕೆ ಬಾಕ್ಸಿನಷ್ಟೂ ಹಣ್ಣು ಇರಲಿಲ್ಲ. ರೇಟು ಏರಿದ್ದೂ ಅದಕ್ಕೇ ತಾನೇ?

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ, ಜೋರು ಸೆಪ್ಟೆಂಬರ್-ಅಕ್ಟೋಬರಲ್ಲಿ. ಅಕ್ಕಡಿ ಸಾಲು ಹುಟ್ಟಿದ್ದು ಈ ಲೆಕ್ಕದ ಮೇಲೆ. ರಾಗಿ ಮಧ್ಯೆ ಅವರೆ, ತೊಗರಿ, ಅಂಚಿಗೆ ಹುಚ್ಚೆಳ್ಳು. ರಾಗಿ ಕೊಯ್ಲಾದ ಮೇಲೆ ಹಿಂಗಾರಿನ ತೇವ, ಇಬ್ಬನಿಯಲ್ಲೇ ಅವರೆ ಬರುತ್ತೆ. ಸೊಗಡವರೆಗೆ ಮಾರುಕಟ್ಟೆ ಹುಡುಕೋದೂ ಬೇಡ. ಹಾಗಂತ ರಾಗಿಗೆ ಅಪಾಯ ಇಲ್ಲ ಅನ್ನಲ್ಲ. 2021ರ ನವೆಂಬರ್ ಮಳೆಗೆ ತೆನೆ ಹೊಲದಲ್ಲೇ ಮೊಳಕೆ ಬಂದಿತ್ತು. ಆದ್ರೆ ಅವತ್ತು ಕಳ್ಕೊಂಡಿದ್ದು ಬೀಜ, ಗೊಬ್ಬರ, ಕೂಲಿ. ಒಡವೆ ಅಲ್ಲ.

ಅವನಿಗೆ ಹೇಳಿದ್ದು ಇಷ್ಟು. ಎರಡೂವರೆ ಎಕರೆಗೆ ಅಕ್ಕಡಿ ಸಾಲಿನ ರಾಗಿ. ಜುಲೈನಲ್ಲಿ ಬಿತ್ತೋದಾದ್ರೆ ಜಿಪಿಯು-28, ಮಳೆ ತಡ ಆದ್ರೆ ಎಂಎಲ್-365. ಜಮೀನಿನ ತಗ್ಗಿನ ಮೂಲೇಲಿ 21 ಮೀಟರ್ ಉದ್ದ, 21 ಅಗಲ, 3 ಆಳದ ಕೃಷಿ ಹೊಂಡ, ಬದಿ ಇಳಿಜಾರು, ತಳಕ್ಕೆ ಹಾಳೆ. ತುಂಬಿದ್ರೆ 9 ಲಕ್ಷ ಲೀಟರಿಗೂ ಮೇಲೆ ನೀರು. ಆವಿಯಾಗೋದು ಕಳೆದ್ರೂ ಡ್ರಿಪ್, ಹೊದಿಕೆ ಇಟ್ಕೊಂಡು 10 ಗುಂಟೆ ಟೊಮೆಟೊ ಧೈರ್ಯವಾಗಿ ಬೆಳೀಬಹುದು. ಹೊಂಡ ತುಂಬಿದ್ದನ್ನ ಕಣ್ಣಾರೆ ನೋಡಿ ನವೆಂಬರಲ್ಲಿ ನಾಟಿ ಮಾಡಬೇಕು. ಬೇಸಿಗೆ ಬಿಳಿ ನೊಣದ ಕಾಟ ಶುರುವಾಗೋ ಮುಂಚೆ ಅರ್ಧ ಬೆಳೆ ಕೈಗೆ ಬಂದಿರುತ್ತೆ. 16 ಸಾಲಿಗೊಂದು ಸಾಲು ಚೆಂಡು ಹೂ ಇರಲಿ. ಟೊಮೆಟೊ ಸಸಿ 25 ದಿನದ್ದಾದ್ರೆ ಚೆಂಡು ಹೂ ಸಸಿ 45 ದಿನದ್ದು ಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಟ್ಟು, ಕಾಯಿಕೊರಕದ ಚಿಟ್ಟೆ ಚೆಂಡು ಹೂವಿನ ಮೇಲೆ ಮೊಟ್ಟೆ ಇಡುತ್ತೆ.

ಹುಡುಗ ಏರಿ ಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ "ಬೋರ್ ಲಾರಿಯವರಿಗೆ ಐದು ಸಾವಿರ ಅಡ್ವಾನ್ಸ್ ಕೊಟ್ಬಿಟ್ಟಿದ್ದೀನಲ್ಲಕ್ಕಾ, ವಾಪಸ್ ಕೊಡ್ತಾರಾ?" ಅಂತ ಕೇಳಿದ. ಕೊಡದಿದ್ರೆ ಹೋಗ್ಲಿ ಬಿಡು ಅಂದೆ.