ಕಸದ ತವರು ಕೇಳೋದು ಯಾಕೆ?

ಹೊರದೇಶದಿಂದ ಬಂದ ಗಿಡ, ಹುಳ ಎಲ್ಲಾ ಕೆಟ್ಟವು, ಬೇರುಸಹಿತ ಕಿತ್ತು ಒಗೀಬೇಕು ಅನ್ನುವವರು ಒಂದು ಕಡೆ. ಗಿಡಕ್ಕೆ ಯಾವ ದೇಶ, ಯಾವ ಗಡಿ, ಬೆಳೆದರೆ ಬೆಳೀಲಿ ಬಿಡ್ರಿ ಅನ್ನುವವರು ಇನ್ನೊಂದು ಕಡೆ. ಈ ವಾದ ದೊಡ್ಡ ವಿಜ್ಞಾನಿಗಳಲ್ಲೂ ಐತಿ. 2011ರಲ್ಲಿ ಅಮೆರಿಕದ ಮಾರ್ಕ್ ಡೇವಿಸ್ ಮತ್ತು 18 ಮಂದಿ ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದು, ಜೀವಿಯ ಮೂಲ ನೋಡಿ ತೀರ್ಪು ಕೊಡಬೇಡಿ, ಅದು ಮಾಡುವ ಕೆಲಸ ನೋಡಿ ಎಂದರು. ಅದಕ್ಕೆ 141 ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ತಕರಾರು ತೆಗೆದರು. ಹಾನಿ ಕಾಣಿಸಲಿಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ, ಕಾಯುತ್ತ ಕುಳಿತರೆ ಕೈಮೀರುತ್ತದೆ ಎಂಬುದು ಅವರ ಮಾತು.

ನಮ್ಮಂಥ ಒಣಬೇಸಾಯದವರಿಗೆ ಇದು ಬರೇ ಮಾತಿನ ಜಗಳ ಅಲ್ಲ. ಕಸ ತೆಗೆಸುವ ಕೂಲಿ ನಮ್ಮ ಕಿಸೆಯಿಂದಲೇ ಹೋಗಬೇಕು.

ನಮ್ಮ ತಾಟು ನೋಡ್ರಿ

ರೊಟ್ಟಿಯ ಜೋಳ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಅಮೆರಿಕದವು. ಹೊರಗಿನವು ಅಂತ ಇವನ್ನೆಲ್ಲ ಬಿಟ್ಟರೆ ಉಪವಾಸವೇ ಗತಿ. ಇವು ನಾವು ಬಿತ್ತಿದರೆ ಬೆಳೆಯುತ್ತವೆ, ಬಿತ್ತದಿದ್ದರೆ ಇಲ್ಲ. ಹಗ್ಗ ನಮ್ಮ ಕೈಯಾಗ ಐತಿ.

ಇನ್ನು ನಮ್ಮ ಕಡೆಯದೆಲ್ಲ ಚಲೋ ಅನ್ನಲಿಕ್ಕೂ ಬರುವುದಿಲ್ಲ. ಜೋಳದ ಬೇರಿಗೆ ಅಂಟಿ ರಸ ಹೀರುವ, ಬಿಳಿ ಹೂವಿನ ಸಣ್ಣ ಕಸ ನಿಮಗೆ ಗೊತ್ತು. ವಿಜ್ಞಾನಿಗಳು ಅದನ್ನು ಸ್ಟ್ರೈಗಾ ಎನ್ನುತ್ತಾರೆ. ಅದು ಏಶಿಯಾ, ಆಫ್ರಿಕಾದ್ದು. 1956ರಲ್ಲಿ ಅದು ಅಮೆರಿಕದ ಕರೋಲಿನಾ ರಾಜ್ಯಗಳ ಗೋವಿನಜೋಳದಲ್ಲಿ ಕಾಣಿಸಿತು. ಅಲ್ಲಿಯ ಸರಕಾರ ನಿರ್ಬಂಧ ಹಾಕಿ, ಹತ್ತಾರು ವರ್ಷ ಅದರ ಬೆನ್ನು ಹತ್ತಿತು. ನಮ್ಮ ಕಸ ಅವರಿಗೆ ಪರದೇಶಿ ಕಸ ಆಯಿತು.

ಕಾಂಗ್ರೆಸ್ ಕಸದ ಲೆಕ್ಕ

ಅದೇ ಸುಮಾರಿಗೆ, 1955ರಲ್ಲಿ, ಪುಣೆಯಲ್ಲಿ ಕಾಂಗ್ರೆಸ್ ಕಸ ಕಣ್ಣಿಗೆ ಬಿತ್ತು. ಪುಸ್ತಕದಲ್ಲಿ ಪಾರ್ಥೇನಿಯಂ ಅಂತಾರೆ. ಅಮೆರಿಕದ ಗೋಧಿ ಜೋಡಿ ಬಂತು ಅಂತ ಮಂದಿ ಹೇಳುತ್ತಾರೆ. ಒಂದು ಗಿಡ 15ರಿಂದ 25 ಸಾವಿರ ಬೀಜ ಉದುರಿಸುತ್ತದೆ. ಇದು ಮೇವಿನಲ್ಲಿ ಸೇರಿದರೆ ಹಾಲು ಕಹಿ. ಕಸ ತೆಗೆಯುವ ಹೆಣ್ಣಾಳುಗಳ ಕೈ, ಕುತ್ತಿಗೆ, ಕಣ್ಣಿನ ರೆಪ್ಪೆ ತುರಿಸಿ ಬಾಯುತ್ತವೆ, ಕೆಲವರಿಗೆ ದಮ್ಮೂ ಹತ್ತುತ್ತದೆ. ನಮ್ಮ ಚಚಡಿ ಕಡೆ ಈ ತುರಿಕೆಗೆ ಅಂಜಿ ಕೂಲಿ ಬಿಟ್ಟು ಮನಿಯಾಗ ಕುಂತ ಹೆಣ್ಮಕ್ಕಳನ್ನು ಕಂಡೀನಿ. ‘ಗಿಡಕ್ಕೆ ಯಾವ ದೇಶ’ ಅನ್ನುವವರು ಅವರಿಗೆ ಏನು ಹೇಳುತ್ತಾರೆ?

ಕರ್ನಾಟಕ ಸರಕಾರ 1975ರಲ್ಲೇ ಇದನ್ನು ಪೀಡೆ ಕಸ ಎಂದು ಸಾರಿತು. ಸಾರಿದ ಮಾತ್ರಕ್ಕೆ ಕಸ ಒಣಗಲಿಲ್ಲ.

ಅದು ಇಷ್ಟು ಕೊಬ್ಬಲಿಕ್ಕೆ ಒಂದು ದೊಡ್ಡ ಕಾರಣ ಹೀಗೆ: ತವರಿನಲ್ಲಿ ಅದನ್ನು ತಿನ್ನುವ ಹುಳಗಳಿದ್ದವು. ಗಿಡ ಇಲ್ಲಿಗೆ ಬಂತು, ಅದರ ವೈರಿಗಳು ಅಲ್ಲೇ ಉಳಿದವು. ಅದಕ್ಕೇ ನಾನು ಅನ್ನೋದು: ಕಸದ ತವರು ಕೇಳಬೇಕು, ಖರೆ. ಆದರೆ ಬೈಯಲಿಕ್ಕಲ್ಲ, ಮದ್ದು ಹುಡುಕಲಿಕ್ಕೆ.

ಬೆಂಗಳೂರಿನ ವಿಜ್ಞಾನಿಗಳು ಮಾಡಿದ್ದು ಇದನ್ನೇ. 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮಾ ಎಂಬ ದುಂಬಿ ತಂದು, ಪರೀಕ್ಷೆ ಮಾಡಿ, 1984ರಿಂದ ಹೊರಗೆ ಬಿಟ್ಟರು. ಮಾಸಲು ಬಿಳಿ ಬೆನ್ನು, ಅದರ ಮೇಲೆ ಕಂದು ಗೀರು. ಬ್ಯಾಸಿಗೆಯಲ್ಲಿ ಮಣ್ಣೊಳಗೆ ಮಲಗಿ, ಮಳೆ ಹತ್ತಿದ ಮೇಲೆ ಎದ್ದು ಕಾಂಗ್ರೆಸ್ ಕಸದ ಎಲೆ ಬೋಳಿಸುತ್ತದೆ. ಈ ದುಂಬಿ ಕಂಡರೆ ಎಣ್ಣೆ ಹೊಡೀಬ್ಯಾಡ್ರಿ.

ಈ ದುಂಬಿಯೂ ಪರದೇಶಿನೇ. 1990ರ ದಶಕದ ಆರಂಭದಲ್ಲಿ ಇದು ಸೂರ್ಯಕಾಂತಿ ಎಲೆ ಕಡಿಯುವುದನ್ನು ಕಂಡು ರೈತರಿಗೆ ದಿಗಿಲಾಯಿತು. ಕಾಂಗ್ರೆಸ್ ಕಸದ ಪರಾಗ ಬಿದ್ದ ಎಲೆಗಳನ್ನು ಅದು ಕಡಿದದ್ದು ಅಂತ ಆಮೇಲೆ ತಿಳಿಯಿತು. ಆದರೂ ಆ ದಿಗಿಲು ಸುಮ್ಮನೆ ಹುಟ್ಟಿದ್ದಲ್ಲ. ಹೊರಗಿನ ಜೀವಿ ತರುವ ಮೊದಲು ಪರೀಕ್ಷೆ ಬೇಕೇ ಬೇಕು.

ನಮ್ಮ ಧಾರವಾಡದ ಕಡೆ ತಗಚೆ ಜಾತಿಯ ಕ್ಯಾಸಿಯಾ ಸೆರಿಸಿಯಾ ಎಂಬ ಗಿಡ ಕಾಂಗ್ರೆಸ್ ಕಸವನ್ನು ಒತ್ತಿ ಹಿಂದೆ ಹಾಕುವುದನ್ನು ಕೃಷಿ ವಿಶ್ವವಿದ್ಯಾಲಯದವರು ಗಮನಿಸಿದರು. ಅದೂ ಅಮೆರಿಕದ್ದೇ!

ಒಂದೇ ಗಿಡ, ಎರಡು ಲೆಕ್ಕ

ಬಳ್ಳಾರಿ ಜಾಲಿಯನ್ನೂ ಬ್ರಿಟಿಷರ ಕಾಲದಲ್ಲಿ ಅಮೆರಿಕದ ಕಡೆಯಿಂದ ತಂದದ್ದು. ಹೊಲ ಇಲ್ಲದವರಿಗೆ ಅದು ಒಲಿಗೆ ಕಟ್ಟಿಗೆ, ಆಡಿಗೆ ಕಾಯಿ. ಅದೇ ಕಾಯಿ ತಿಂದ ಆಡು ಹಿಕ್ಕೆಯಲ್ಲಿ ಬೀಜ ಒಯ್ದು ಹಳ್ಳ, ಬದು, ಬೀಳು ಎಲ್ಲಾ ಕಡೆ ಬಿತ್ತುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗಿಯುತ್ತದೆ. ಕಟ್ಟಿಗೆ ಆರಿಸುವಾಕಿ ಒಂದು ಹೇಳುತ್ತಾಳೆ, ಬದುವಿನ ಮಾಲಕ ಇನ್ನೊಂದು ಹೇಳುತ್ತಾನೆ. ಇಬ್ಬರದೂ ಖರೆ.

ಕೇಳಬೇಕಾದ ಪ್ರಶ್ನೆಗಳು

ಹೊಸ ಗಿಡ ಕಂಡಾಗ ಅಥವಾ ಯಾರಾದರೂ ತಂದು ಕೊಟ್ಟಾಗ ಈ ನಾಲ್ಕು ಕೇಳಿಕೊಳ್ಳಿರಿ:

1. ಬಿತ್ತದೇ ತಾನೇ ಹರಡುತ್ತದೋ?
2. ಲಾಭ ಯಾರಿಗೆ, ಹಾನಿ ಯಾರಿಗೆ?
3. ಬ್ಯಾಡ ಅನ್ನಿಸಿದರೆ ಕುಂಟೆ, ಕುರ್ಪಿಯಿಂದ ತೆಗೆಯಲಿಕ್ಕೆ ಆದೀತೋ?
4. ಇಲ್ಲಿ ಅದನ್ನು ತಿನ್ನುವ ಹುಳ, ದನ ಏನಾದರೂ ಐತೋ?

ಬದುವಿನ ಮೇಲೆ ಒಂದು ಮಾರು ಉದ್ದ, ಒಂದು ಮಾರು ಅಗಲದ ಜಾಗ ಗುರುತು ಮಾಡಿ, ಪ್ರತಿವರ್ಷ ಮುಂಗಾರು ಹತ್ತಿದ ಮೇಲೆ ಯಾವ ಕಸ ಎಷ್ಟು ಅಂತ ಎಣಿಸಿ ಬರೆದಿಡಿರಿ. ಮೂರು ವರ್ಷದಲ್ಲಿ ಯಾವುದು ಏರಿತು, ಯಾವುದು ಇಳಿಯಿತು ಅಂತ ನಿಮ್ಮ ವಹಿಯೇ ಹೇಳುತ್ತದೆ.

ಒಂದೇ ಒಂದು ಹೊಸ ಕಸ ಇದ್ದಾಗಲೇ ಕಿತ್ತರೆ ಖರ್ಚಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು, ನೆಲ ಹಸಿ ಇದ್ದಾಗ, ಕೈಗೆ ಅರಿವೆ ಸುತ್ತಿಕೊಂಡು ಬೇರುಸಹಿತ ಕಿತ್ತು ತಗ್ಗಿನಲ್ಲಿ ಕೊಳೆಹಾಕಿದರೆ ಗೊಬ್ಬರವಾದೀತು. ಹೂ ಬಿಟ್ಟ ಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರದ ಜೋಡಿ ಬೀಜವೂ ಹೊಲಕ್ಕೆ ಹೋಗುತ್ತದೆ. ಒಬ್ಬರ ಬದು ಹಸನಾಗಿದ್ದು ಸಾಲದು, ಬಾಜೂಕಿನವರದೂ ಆಗಬೇಕು.

ನಿಮ್ಮ ಊರಾಗ ಯಾವ ಹೊಸ ಕಸ ಬಂದೈತಿ, ಅದನ್ನು ಯಾವ ಹುಳ ತಿನ್ನುತ್ತದೆ ಅಂತ ನೋಡಿ ಪತ್ರಿಕೆಗೆ ಬರೀರಿ.