ಎಳೆಯರ ಲೆಕ್ಕವೂ ಮನೆಮಾತೂ

ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗನು ಎರಡನೆಯ ಇಯತ್ತೆಯಲ್ಲಿದ್ದಾಗ ವಾರಕ್ಕೆರಡು ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದನು. ವೈದ್ಯರು ಪರೀಕ್ಷಿಸಿ ದೋಷವೇನೂ ಇಲ್ಲವೆಂದರು. (ಮೊದಲು ವೈದ್ಯರಿಗೆ ತೋರಿಸಿದ್ದು ಸರಿಯೇ, ಮಕ್ಕಳ ನೋವನ್ನು ನೆಪವೆಂದು ತಳ್ಳಿಹಾಕಬಾರದು.) ಆ ಎರಡು ದಿನಗಳು ತರಗತಿಯಲ್ಲಿ ಅಂಕಿಗಳ ಉಕ್ತಲೇಖನದ ದಿನಗಳೆಂಬುದು ಅನಂತರ ತಿಳಿಯಿತು. ಹುಡುಗನು ಹಿಂದಿನ ವರ್ಷವಷ್ಟೇ ಗದಗಿನಿಂದ ಬಂದು ಮರಾಠಿ ಮಾಧ್ಯಮದ ಶಾಲೆ ಸೇರಿದ್ದನು. ಪ್ರಗತಿಪುಸ್ತಕದಲ್ಲಿ ಅವನು ಲೆಕ್ಕದಲ್ಲಿ ಮಂದನೆಂದು ಬರೆದಿತ್ತು.

ಒಂದು ಭಾನುವಾರ ಅವನ ಪುಸ್ತಕವನ್ನು ತರಿಸಿ ನೋಡಿದೆನು. 45 ಇರಬೇಕಾದಲ್ಲಿ 54, 36ಕ್ಕೆ 63, 25ಕ್ಕೆ 52. ವ್ಯತ್ಯಾಸಗಳು 9, 27, 27. ನಮ್ಮ ಕಸುಬಿನವರಿಗೆ ಇದು ಹಳೆಯ ಪರಿಚಯ. ತಾಳೆಪಟ್ಟಿಯ ಎರಡು ಬದಿಗಳು ಹೊಂದದೆ, ವ್ಯತ್ಯಾಸವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಯಾವುದೋ ಮೊತ್ತದ ಅಂಕಿಗಳು ಅದಲುಬದಲಾಗಿರಬಹುದೆಂದು ಮೊದಲು ಹುಡುಕುತ್ತೇವೆ. ಬಿಡಿಯ ಅಂಕಿ ಹತ್ತರ ಸ್ಥಾನಕ್ಕೇರಿದರೆ ಒಂದೊಂದಕ್ಕೂ ಒಂಬತ್ತು ಹೆಚ್ಚುತ್ತದೆ. ಹತ್ತರ ಅಂಕಿ ಬಿಡಿಗಿಳಿದರೆ ಒಂದೊಂದಕ್ಕೂ ಒಂಬತ್ತು ಕುಗ್ಗುತ್ತದೆ. ಹುಡುಗನ ಕೂಡುವ, ಕಳೆಯುವ ಲೆಕ್ಕಗಳಾದರೋ ಬಹುಮಟ್ಟಿಗೆ ಸರಿಯಾಗಿಯೇ ಇದ್ದವು. ಕಿವಿಯಿಂದ ಕೈಗೆ ಇಳಿಯುವ ದಾರಿಯಲ್ಲಿ ಮಾತ್ರ ಎಡವುತ್ತಿದ್ದನು.

ಕಾರಣ ಸರಳ. ನಾವು "ನಲವತ್ತೈದು" ಎನ್ನುವಾಗ ನಲವತ್ತು ಮೊದಲು, ಐದು ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿಯ "ಪಂಚೇಚಾಳೀಸ"ದಲ್ಲಿ ಐದು ಮೊದಲು ಕೇಳಿಸುತ್ತದೆ, ನಲವತ್ತು ಹಿಂದೆ ಬರುತ್ತದೆ. ಮೊದಲು ಕೇಳಿದ್ದನ್ನು ಮೊದಲು ಬರೆದವನಿಗೆ 54 ಆಗದೆ ಇನ್ನೇನಾದೀತು? ಜರ್ಮನ್ ಭಾಷೆಯಲ್ಲಿಯೂ ಬಿಡಿಯೇ ಮುಂದೆ. ನಾನೂ ಠಾಣೆಗೆ ವರ್ಗವಾಗಿ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ಓದಿಹೇಳಿದ ಮೊತ್ತಗಳನ್ನು ಹೀಗೆಯೇ ತಿರುವಿ ಬರೆದು, ರಾತ್ರಿ ಎಂಟರವರೆಗೆ ಕುಳಿತದ್ದುಂಟು. ನನ್ನನ್ನು ಯಾರೂ ಮಂದನೆನ್ನಲಿಲ್ಲ!

ಮರಾಠಿ ಮಕ್ಕಳಿಗೂ ಇದು ಸುಲಭವಲ್ಲ. 2019ರ ಜೂನ್‌ನಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ "ಚಾಳೀಸ ಪಾಚ" ಎಂಬಂತೆ ಹತ್ತನ್ನು ಮೊದಲು ಹೇಳುವ ಕ್ರಮ ಬಂದಾಗ ದೊಡ್ಡ ವಿವಾದವೆದ್ದಿತು. ಗಣಿತ ಸಮಿತಿಯ ಅಧ್ಯಕ್ಷೆಯಾಗಿದ್ದ ಮಂಗಲಾ ನಾರಳೀಕರ ಅವರು ಮಕ್ಕಳಿಗೆ ಗಣಿತದ ಭಯ ಕಡಿಮೆಯಾಗಲೆಂದೇ ಇದನ್ನು ಸಮರ್ಥಿಸಿದರು. ಹಳೆಯ ಹೆಸರುಗಳನ್ನು ಕೈಬಿಡಬಾರದೆಂಬ ಮರಾಠಿಗರ ಅಭಿಮಾನವೂ ನನಗೆ ಅರ್ಥವಾಗುತ್ತದೆ. ಅಂಗಡಿಯಲ್ಲಿ, ರೈಲಿನಲ್ಲಿ ಕೇಳಿಬರುವುದು ಅವೇ.

ನಾವು ಮಾಡಿದ್ದು ಇಷ್ಟೆ. ಹತ್ತು ಹತ್ತು ಕಡ್ಡಿಗಳ ಕಟ್ಟುಗಳು, ಪಕ್ಕದಲ್ಲಿ ಬಿಡಿ ಹುಣಸೆಬೀಜ. ಬ್ಯಾಂಕಿನಲ್ಲಿ ನೂರು ನೋಟಿಗೊಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೊಂದು ಬಂಡಲು ಇದ್ದಂತೆ. ತಂಗಿ "ಪಂಚೇಚಾಳೀಸ" ಎಂದೊಡನೆ ಹುಡುಗನು ಐದು ಬೀಜಗಳನ್ನು ಬಲಗಡೆಯ ತಟ್ಟೆಗೆ ಹಾಕಿ, ಆಮೇಲೆ ನಾಲ್ಕು ಕಟ್ಟುಗಳನ್ನು ಎಡಗಡೆ ಇಡುತ್ತಿದ್ದನು. ಅನಂತರ ಕನ್ನಡದಲ್ಲಿ "ನಲವತ್ತೈದು" ಎಂದು ಹೇಳಿ ಬರೆಯುತ್ತಿದ್ದನು. ದಿನಕ್ಕೆ ಹತ್ತೇ ಸಂಖ್ಯೆಗಳು, ಊಟಕ್ಕೆ ಮುಂಚೆ. ವಿಷಯ ತಿಳಿಸಿದಾಗ ಅವನ ಶಿಕ್ಷಕಿಯೂ ಸಂತೋಷದಿಂದ ಅವನಿಗೆ ಎರಡು ಮನೆಗಳ ಕೋಷ್ಟಕ ಹಾಕಿಕೊಡತೊಡಗಿದರು.

ಒಂದೂವರೆ ತಿಂಗಳಲ್ಲಿ ಹೊಟ್ಟೆನೋವು ನಿಂತಿತು. "ಏಕೋಣತೀಸ" ಮಾತ್ರ ಬಹಳ ಕಾಡಿತು. ಅದು ಮೂವತ್ತಕ್ಕೆ ಒಂದು ಕಡಿಮೆ, ಅಂದರೆ 29, "ಏಕತೀಸ" 31. ಅವೆರಡನ್ನೂ ಬೇರ್ಪಡಿಸಿ ಕೇಳಿಸಿಕೊಳ್ಳಲು ಹುಡುಗನಿಗೆ ದೀಪಾವಳಿಯವರೆಗೆ ಕಾಲ ಹಿಡಿಯಿತು.